ದಲ್ಲಾಳಿಯ ಧರ್ಮ

‘ದೇವರು ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆಯನ್ನು ಮೊದಲು ಆಡಿದವನು ಯಾರೋ ತಿಳಿಯದು. ಅವನು ಯಾವುದೋ ಬಾಗಿಲ ಮುಂದೆ ಬಹಳ ಹೊತ್ತು ಕಾದು ನಿಂತಿದ್ದವನೆಂಬುದರಲ್ಲಿ ಮಾತ್ರ ನನಗೆ ಸಂಶಯವಿಲ್ಲ. ಅವನ ಸಿಟ್ಟು ದೇವರ ಮೇಲಲ್ಲ. ಕೊಡುವವನಿಗೂ ಪಡೆಯುವವನಿಗೂ ನಡುವೆ ನಿಂತವನ ಮೇಲೆ. ಆದರೆ ನಡುವೆ ನಿಂತವರೆಲ್ಲರ ಮೇಲೂ ನಮ್ಮ ಜನ ಹೀಗೆ ಸಿಟ್ಟಾಗಿಲ್ಲ. ಅಂಬಿಗನೂ ನಡುವಿನವನೇ. ಈ ದಡದವನನ್ನು ಆ ದಡಕ್ಕೆ ಮುಟ್ಟಿಸುವುದು ಅವನ ಕಸುಬು. ಅದಕ್ಕೆ ಅವನು ಕಾಸು ತೆಗೆದುಕೊಳ್ಳುತ್ತಾನೆ. ಆದರೂ ಅವನ ಮೇಲೆ ನಮಗಿರುವುದು ಗೌರವ, ವಿಶ್ವಾಸ. ಮದುವೆಯ ಸಂಬಂಧ ಕುದುರಿಸುವ ಹಿರಿಯರೂ ನಡುವಿನವರೇ. ಮದುವೆಯ ದಿನ ಅವರಿಗೆ ಮೊದಲ ಪಂಕ್ತಿಯಲ್ಲಿ ಎಲೆ ಹಾಕುತ್ತೇವೆ. ಅಂದ ಮೇಲೆ ನಡುವೆ ನಿಲ್ಲುವುದೇ ಪಾಪವಲ್ಲ. ಹಾಗಾದರೆ ಒಬ್ಬ ನಡುವಿನವನನ್ನು ಕಂಡು ಕೈ ಮುಗಿಯುವ ನಾವು ಇನ್ನೊಬ್ಬನನ್ನು ಕಂಡು ಹಲ್ಲು ಕಡಿಯುವುದೇಕೆ? ಇದು ಬರಿಯ ಮನಸ್ಸಿನ ಒಲವು ಹಗೆಗಳ ಮಾತೋ, ಅಥವಾ ಇದರೊಳಗೆ ಧರ್ಮಾಧರ್ಮದ ಪ್ರಶ್ನೆಯೊಂದು ಅಡಗಿದೆಯೋ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದುದಲ್ಲ, ಕಸುಬಿನಿಂದ ಬಂದುದು. ಬೆಂಗಳೂರಿನಲ್ಲಿ ಹದಿನಾರು ವರ್ಷಗಳಿಂದ ನಾನು ಗುತ್ತಿಗೆಯ ಮೇಲೆ ದುಡಿಯುತ್ತಿದ್ದೇನೆ. ಸಾಫ್ಟ್‌ವೇರ್ ಕಂಪೆನಿಗಳು ತಯಾರಿಸಿದ್ದನ್ನು ಬಳಸುವುದು ಹೇಗೆಂದು ವಿವರಿಸುವ ಕೈಪಿಡಿಗಳನ್ನು ಬರೆಯುವುದು ನನ್ನ ಕೆಲಸ. ಒಂದು ಕಡೆ ಆರು ತಿಂಗಳು, ಇನ್ನೊಂದು ಕಡೆ ಒಂದು ವರ್ಷ. ಕೆಲಸ ಮುಗಿದ ದಿನ ಕೊರಳಿನ ಗುರುತಿನ ಚೀಟಿಯನ್ನು ಬಾಗಿಲಿನವನ ಕೈಗಿತ್ತು ಹೊರಗೆ ಬಂದರೆ ಮರುದಿನದಿಂದ ಮತ್ತೆ ಹುಡುಕಾಟ. ಪ್ರೋಗ್ರಾಂ ಬರೆಯುವವರು, ಅದನ್ನು ಪರೀಕ್ಷಿಸುವವರು, ಯಂತ್ರಗಳ ನಕ್ಷೆ ತೆಗೆಯುವವರು, ಹೀಗೆ ನನ್ನಂಥವರು ಈ ಊರಿನಲ್ಲಿ ಬಹಳ ಮಂದಿ ಇದ್ದಾರೆ. ನಾವು ಯಾರ ನೌಕರರೂ ಅಲ್ಲ. ನಮಗೆ ನಾವೇ ಯಜಮಾನರೆಂದು ಹೇಳಿಕೊಳ್ಳುತ್ತೇವೆ. ಆದರೆ ನಮಗೂ ಕಂಪೆನಿಗೂ ನಡುವೆ ಒಬ್ಬನಿದ್ದಾನೆ. ಅವನಿಲ್ಲದೆ ಸಾಮಾನ್ಯವಾಗಿ ಕಂಪೆನಿಯ ಬಾಗಿಲು ತೆರೆಯುವುದಿಲ್ಲ. ಅವನನ್ನು ಏಜೆಂಟ್ ಎನ್ನುತ್ತಾರೆ. ಅವನ ಕಚೇರಿಯನ್ನು ‘ಕನ್ಸಲ್ಟೆನ್ಸಿ’ ಎನ್ನುತ್ತಾರೆ. ಅಲ್ಲಿ ಯಾರೂ ಯಾರಿಗೂ ಸಲಹೆ ಕೊಟ್ಟುದನ್ನು ನಾನು ಕಂಡಿಲ್ಲ.

ಕೆಲಸವಿಲ್ಲದ ದಿನಗಳಲ್ಲಿ ಬೆಳಿಗ್ಗೆ ಹತ್ತೂವರೆಗೆ ಫೋನು ಬಡಿದುಕೊಳ್ಳತೊಡಗುತ್ತದೆ. ಕರೆ ಮಾಡುವವರು ಹೆಚ್ಚಾಗಿ ಇಪ್ಪತ್ತೆರಡು ಇಪ್ಪತ್ತಮೂರರ ತರುಣ ತರುಣಿಯರು. ‘ಸರ್, ಬಹಳ ಅರ್ಜೆಂಟು. ಒಂದು ಗಂಟೆಯೊಳಗೆ ನಿಮ್ಮ ಬಯೋಡೇಟಾ ಕಳಿಸಿ.’ ಕಂಪೆನಿಯ ಹೆಸರೇನು? ಅದನ್ನು ಈಗ ಹೇಳುವಂತಿಲ್ಲ. ದರ ಎಷ್ಟು? ‘ನಿಮ್ಮ ನಿರೀಕ್ಷೆ ಎಷ್ಟು, ಅದನ್ನು ಹೇಳಿ ಸರ್.’ ಹಿಂದೆ ಎಷ್ಟು ಪಡೆಯುತ್ತಿದ್ದೆ, ಕಡೆಯ ಪಕ್ಷ ಎಷ್ಟಕ್ಕೆ ಒಪ್ಪುತ್ತೇನೆ, ಹುಟ್ಟಿದ ತಾರೀಖು ಯಾವುದು, ಪ್ಯಾನ್ ನಂಬರು ಏನು, ಹೀಗೆ ನನ್ನ ಕಡೆಯ ಗುಟ್ಟುಗಳೆಲ್ಲ ಅವರಿಗೆ ಬೇಕು. ಅವರ ಕಡೆಯದು ಒಂದೂ ನನಗೆ ಸಿಕ್ಕುವುದಿಲ್ಲ. ಅನಂತರ ಒಂದು ಇ-ಮೇಲ್ ಬರುತ್ತದೆ. ಈ ಕೆಲಸಕ್ಕೆ ನನ್ನನ್ನು ಪ್ರತಿನಿಧಿಸುವ ಅಧಿಕಾರ ಈ ಸಂಸ್ಥೆಯೊಂದಕ್ಕೇ ಇದೆಯೆಂದು ನಾನು ಬರೆದು ಒಪ್ಪಬೇಕು. ಒಂದೇ ಬಯೋಡೇಟಾ ಇಬ್ಬರು ಏಜೆಂಟರ ಕೈಯಿಂದ ಹೋದರೆ ಕಂಪೆನಿಯವರು ಎರಡನ್ನೂ ಬದಿಗಿಡುವುದುಂಟು. ಒಪ್ಪಿಗೆ ಕಳಿಸಿದ ಮೇಲೆ ಮೌನ. ಒಂದು ಗಂಟೆಯ ಅವಸರ ಒಂದು ತಿಂಗಳ ಮೌನವಾಗುತ್ತದೆ. ನಾವೇ ವಿಚಾರಿಸಿದರೆ, ಕರೆ ಮಾಡಿದ್ದ ಹುಡುಗಿ ಆ ಕಚೇರಿಯನ್ನು ಬಿಟ್ಟು ಹೋಗಿರುತ್ತಾಳೆ. ‘ಇಲ್ಲ’ ಎಂಬುದು ಕಹಿಯಾದ ಮಾತೇ. ಆದರೆ ಅದೂ ಒಂದು ಮರ್ಯಾದೆ. ಬಾಗಿಲಿಗೆ ಬಂದ ಭಿಕ್ಷುಕನಿಗೂ ‘ಮುಂದೆ ಹೋಗಪ್ಪಾ’ ಎಂದು ಹೇಳಿ ಕಳಿಸುವ ಸಂಪ್ರದಾಯ ನಮ್ಮದು.

ಇನ್ನೊಂದು ಬಗೆಯ ಅನುಭವವೂ ಉಂಟು. ಒಮ್ಮೆ ಸಂದರ್ಶನದಲ್ಲಿ ಎದುರಿಗೆ ಕುಳಿತವರು, ನಾನು ಹೆಸರು ಮಾತ್ರ ಕೇಳಿದ್ದ ಒಂದು ತಾಂತ್ರಿಕ ವಿಷಯದಲ್ಲಿ ನನಗಿರುವ ನಾಲ್ಕು ವರ್ಷದ ಅನುಭವವನ್ನು ವಿವರಿಸುವಂತೆ ಕೇಳಿದರು. ಅವರ ಕೈಯಲ್ಲಿದ್ದ ಹಾಳೆಯಲ್ಲಿ ಅದು ಅಚ್ಚಾಗಿತ್ತು. ನಾನು ಬರೆದುದಲ್ಲ, ಏಜೆಂಟನ ಕಚೇರಿಯಲ್ಲಿ ಯಾರೋ ಸೇರಿಸಿದ್ದರು. ಆ ಕೆಲಸ ಹೋದುದಕ್ಕೆ ನನಗೆ ಅಷ್ಟು ದುಃಖವಾಗಲಿಲ್ಲ. ಆ ಕೋಣೆಯಲ್ಲಿ ಹತ್ತು ನಿಮಿಷ ಸುಳ್ಳುಗಾರನಂತೆ ಕುಳಿತಿರಬೇಕಾದುದನ್ನು ಮಾತ್ರ ಇಂದಿಗೂ ಮರೆಯಲಾರೆ.

ಆದರೂ ಇವೆಲ್ಲ ಸಹಿಸಬಹುದಾದ ಕಿರುಕುಳಗಳು. ನನ್ನನ್ನು ಈ ಪ್ರಶ್ನೆಗೆ ತಂದು ನಿಲ್ಲಿಸಿದ್ದು ಬೇರೊಂದು ಸಂಗತಿ. ಕೆಲವು ವರ್ಷಗಳ ಹಿಂದೆ ಹೊರವರ್ತುಲ ರಸ್ತೆಯ ಒಂದು ಕಂಪೆನಿಯಲ್ಲಿ ಗಂಟೆಗೆ 1,000 ರೂಪಾಯಿಯಂತೆ ಹನ್ನೊಂದು ತಿಂಗಳು ಕೆಲಸ ಮಾಡಿದೆ. ಕೆಲಸ ಹಿಡಿಸಿತ್ತು, ಅವರಿಗೂ ನಾನು ಹಿಡಿಸಿದ್ದೆ. ಅವಧಿ ಮುಗಿಯುವ ವಾರ ಅಲ್ಲಿಯ ಮ್ಯಾನೇಜರು ಕರೆದು, ‘ನಿಮ್ಮನ್ನು ಉಳಿಸಿಕೊಳ್ಳಬೇಕೆಂದು ಬಹಳ ಪ್ರಯತ್ನ ಮಾಡಿದೆವು. 1,900 ನಮ್ಮ ಬಜೆಟ್ಟಿಗೆ ಭಾರ. 1,500ಕ್ಕೆ ಇಳಿಸಿದರೆ ಇನ್ನೊಂದು ವರ್ಷ ಮುಂದುವರಿಸುತ್ತೇವೆ ಎಂದೆವು. ನಿಮ್ಮವರು ಒಪ್ಪಲಿಲ್ಲ’ ಎಂದರು. ನಾನು ಕೆಲವು ಕ್ಷಣ ಮಾತನಾಡಲಿಲ್ಲ. ಕಂಪೆನಿ ಕೊಡುತ್ತಿದ್ದದ್ದು 1,900. ನನಗೆ ಬರುತ್ತಿದ್ದದ್ದು 1,000. 1,500ಕ್ಕೆ ಇಳಿಸಿದ್ದರೂ ನನ್ನ ಪಾಲಿಗೆ ಒಂದು ಕಾಸೂ ಕಡಿಮೆಯಾಗಬೇಕಾಗಿರಲಿಲ್ಲ. ನನ್ನ ಪರವಾಗಿ, ನನಗೆ ತಿಳಿಯದಂತೆ, ನಾನು ಎಂದೂ ಹೇಳದಿದ್ದ ಒಂದು ‘ಇಲ್ಲ’ವನ್ನು ಯಾರೋ ಹೇಳಿ ಮುಗಿಸಿದ್ದರು. ಏಜೆಂಟನನ್ನು ಬಿಟ್ಟು ಒಂದು ವರ್ಷದವರೆಗೆ ಆ ಕಂಪೆನಿಯೊಡನೆ ನೇರವಾಗಿ ವ್ಯವಹರಿಸಕೂಡದೆಂಬ ಷರತ್ತಿಗೆ ನಾನು ಮೊದಲೇ ಸಹಿ ಹಾಕಬೇಕಾಗಿ ಬಂದಿತ್ತು. ಅದು ಮಗಳನ್ನು ಕಾಲೇಜಿಗೆ ಸೇರಿಸಬೇಕಾದ ವರ್ಷ. ಮುಂದಿನ ನಾಲ್ಕು ತಿಂಗಳು ಕೆಲಸವಿಲ್ಲದೆ ಕಳೆದೆ. ನಾನು ದುಬಾರಿಯಾದವನೆಂದು ಮನೆಯಲ್ಲಿ ಹೇಳಿದರೆ ನಂಬುವವರಾರು?

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ನೋಡಿದವರಿಗೆ ಒಂದು ನೋಟ ಪರಿಚಿತವಾಗಿರುತ್ತದೆ. ಇಬ್ಬರು ತಮ್ಮ ಕೈಗಳ ಮೇಲೆ ಟವೆಲ್ಲು ಹೊದಿಸಿಕೊಂಡು ನಿಂತಿರುತ್ತಾರೆ. ಬಾಯಿ ಮಾತಾಡುವುದಿಲ್ಲ, ಬಟ್ಟೆಯ ಕೆಳಗೆ ಬೆರಳು ಬೆರಳನ್ನು ಒತ್ತಿ ಬೆಲೆ ಏರುತ್ತದೆ, ಇಳಿಯುತ್ತದೆ. ಸುತ್ತ ನಿಂತವರಿಗೆ ಬೆಲೆ ತಿಳಿಯಬಾರದೆಂಬುದು ಆ ಟವೆಲ್ಲಿನ ಉದ್ದೇಶ. ಆದರೆ ಬೆರಳು ಹಿಡಿದ ಇಬ್ಬರಿಗೂ ಬೆಲೆ ಗೊತ್ತಿರುತ್ತದೆ. ಆ ವ್ಯಾಪಾರದಲ್ಲಿ ನೇರವಾಗಿ ಸೇರಿಯೂ ಅದರ ಬೆಲೆಯನ್ನು ಎಂದೆಂದಿಗೂ ತಿಳಿಯದೆ ಹೋಗುವ ಪ್ರಾಣಿ ಒಂದೇ, ಪಕ್ಕದಲ್ಲಿ ಮೆಲುಕು ಹಾಕುತ್ತ ನಿಂತಿರುವ ಎತ್ತು. ಮ್ಯಾನೇಜರ ಕೋಣೆಯಿಂದ ಹೊರಗೆ ಬರುವಾಗ ನನಗೆ ನೆನಪಾದದ್ದು ಆ ಎತ್ತು. 900 ರೂಪಾಯಿಯ ಲೆಕ್ಕ ನೋಯಿಸಲಿಲ್ಲವೆಂದಲ್ಲ. ಅದಕ್ಕಿಂತ ಹೆಚ್ಚಾಗಿ ನೋಯಿಸಿದ್ದು, ನನ್ನ ಬೆಲೆಯನ್ನು ಕುರಿತ ಮಾತಿನಲ್ಲಿ ನಾನು ಟವೆಲ್ಲಿನ ಹೊರಗೆ ನಿಂತಿದ್ದೆನೆಂಬ ತಿಳಿವು.

ನನ್ನ ಕಾಲೇಜಿನ ಗೆಳೆಯನೊಬ್ಬ ಇದೇ ಏಜೆಂಟರ ವೃತ್ತಿಯಲ್ಲಿದ್ದಾನೆ. ಸಜ್ಜನ, ಮಾತಿನಲ್ಲಿ ಚತುರ. ಅವನ ಮುಂದೆ ನನ್ನ ಕಥೆ ಹೇಳಿಕೊಂಡಾಗ ಅವನು ನಕ್ಕ. ‘ಅಲ್ಲಯ್ಯಾ, ಹೋಟೆಲಿನಲ್ಲಿ ಇಡ್ಲಿ ತಿನ್ನುವಾಗ ಅಕ್ಕಿ ಎಷ್ಟಕ್ಕೆ ತಂದಿರಿ, ಉದ್ದಿನ ಬೇಳೆ ಎಷ್ಟಕ್ಕೆ ತಂದಿರಿ ಎಂದು ಕೇಳುತ್ತೀಯಾ? ಇಡ್ಲಿ ಮೆತ್ತಗಿದೆಯೆ, ಬೆಲೆ ನಿನಗೆ ಒಪ್ಪಿಗೆಯೆ, ಅಷ್ಟೇ ತಾನೆ ವ್ಯವಹಾರ? ನೀನು ಸಾವಿರಕ್ಕೆ ಒಪ್ಪಿದೆ, ಸಾವಿರ ಬಂತು. ಅವನು ಎಷ್ಟಕ್ಕೆ ಮಾರಿದನೆಂಬುದು ನಿನಗೇಕೆ?’ ನಾನು ಹೇಳಿದೆ: ‘ಹೋಟೆಲಿನಲ್ಲಿ ನಾನು ಗಿರಾಕಿ ಕಣಯ್ಯ. ಇಲ್ಲಿ ನಾನು ಗಿರಾಕಿಯಲ್ಲ, ಇಡ್ಲಿ.’

ಆ ಮೇಲೆ ಅವನು ತನ್ನ ಕಷ್ಟಗಳನ್ನು ಹೇಳಿಕೊಂಡ. ಅವುಗಳಲ್ಲಿ ನ್ಯಾಯವಿತ್ತು. ಕಂಪೆನಿಗಳು ಬಿಲ್ಲು ಕೊಟ್ಟ 60 ದಿನಕ್ಕೋ 90 ದಿನಕ್ಕೋ ಹಣ ಕೊಡುತ್ತವೆ. ಕೆಲಸ ಮಾಡಿದವನಿಗೆ ಅವನು ತಿಂಗಳು ತಿಂಗಳು ಕೊಡಬೇಕು. ನಡುವಿನ ಬಡ್ಡಿ ಅವನದು. ಒಂದು ಜಾಗಕ್ಕೆ ನೂರು ಬಯೋಡೇಟಾ ನೋಡಬೇಕು. ಹತ್ತು ಜನರನ್ನು ಕಳಿಸಿದರೆ ಒಬ್ಬ ಆಯ್ಕೆಯಾದಾನು. ಆಯ್ಕೆಯಾದವನು ‘ಬರುತ್ತೇನೆ’ ಎಂದು ಹೇಳಿ, ಆ ಕಾಗದವನ್ನು ಬೇರೆ ಕಡೆ ತೋರಿಸಿ ಹೆಚ್ಚು ಹಣ ಪಡೆದು, ಸೇರಬೇಕಾದ ದಿನ ಫೋನನ್ನೇ ಎತ್ತುವುದಿಲ್ಲ. ದೊಡ್ಡ ಕಂಪೆನಿಗಳು ಸಣ್ಣ ಏಜೆಂಟರೊಡನೆ ಮಾತನ್ನೇ ಆಡುವುದಿಲ್ಲ. ಒಬ್ಬ ದೊಡ್ಡ ವೆಂಡರ್, ಅವನ ಕೆಳಗೆ ಇನ್ನೊಬ್ಬ, ಅವನ ಕೆಳಗೆ ಇವನು. ನನ್ನ 900 ರೂಪಾಯಿಯನ್ನು ತಿಂದವನು ಒಬ್ಬನೇ ಇರಲಾರನೆಂದು ಅವನು ಹೇಳಿದುದು ಬಹುಶಃ ನಿಜ. ನನಗೆ ಫೋನು ಮಾಡುವ ಆ ಹುಡುಗ ಹುಡುಗಿಯರಿಗಂತೂ ದಿನಕ್ಕೆ ಇಷ್ಟು ಕರೆ, ವಾರಕ್ಕೆ ಇಷ್ಟು ಬಯೋಡೇಟಾ ಎಂಬ ಲೆಕ್ಕವಿರುತ್ತದೆ. ಲೆಕ್ಕ ತಪ್ಪಿದರೆ ಕೆಲಸ ಹೋಗುತ್ತದೆ. ಅವರ ಅವಸರವೂ ಅವರದಲ್ಲ, ಮೌನವೂ ಅವರದಲ್ಲ. ಏಜೆಂಟನೊಬ್ಬನೇ ಸುಳ್ಳುಗಾರ, ಮಿಕ್ಕ ನಾವೆಲ್ಲ ಹರಿಶ್ಚಂದ್ರರು ಎಂದು ಹೇಳುವ ಧೈರ್ಯ ನನಗಿಲ್ಲ.

ಆದರೆ ಇಷ್ಟನ್ನೂ ಒಪ್ಪಿದ ಮೇಲೆ ನನಗೆ ತೋರುವುದು ಇದು: ಈ ಕಷ್ಟಗಳೆಲ್ಲ ಅವನು ಹಣ ಪಡೆಯುವುದಕ್ಕೆ ಕಾರಣವಾಗಬಲ್ಲವು, ಅದನ್ನು ಮುಚ್ಚಿಡುವುದಕ್ಕೆ ಕಾರಣವಾಗಲಾರವು.

ಲೋಕದಲ್ಲಿ ವ್ಯಾಪಾರಿ ಎಂಬವನು ಬೇರೆ, ದಲ್ಲಾಳಿ ಎಂಬವನು ಬೇರೆ. ವ್ಯಾಪಾರಿ ಸರಕನ್ನು ಕೊಳ್ಳುತ್ತಾನೆ. ಕೊಂಡ ಕ್ಷಣದಿಂದ ಅದರ ಅದೃಷ್ಟ ಅವನದು. ಅಡಿಕೆಯ ಬೆಲೆ ಏರಿದರೆ ಲಾಭ ಅವನಿಗೆ, ಇಳಿದರೆ ನಷ್ಟ ಅವನಿಗೆ. ಮಳೆಯಲ್ಲಿ ನೆನೆದರೆ ಅವನ ಅಡಿಕೆಯೇ ನೆನೆದದ್ದು. ಇಂಥವನನ್ನು ‘ಎಷ್ಟಕ್ಕೆ ಮಾರಿದೆ?’ ಎಂದು ಕೇಳುವ ಹಕ್ಕು ಬೆಳೆಗಾರನಿಗಿಲ್ಲ. ದಲ್ಲಾಳಿಯಾದರೋ ಏನನ್ನೂ ಕೊಳ್ಳುವುದಿಲ್ಲ. ಇಬ್ಬರನ್ನು ಕೂಡಿಸುತ್ತಾನೆ, ಕೂಡಿಸಿದ ಶ್ರಮಕ್ಕೆ ಗೊತ್ತಾದಷ್ಟು ಹಣ ಪಡೆಯುತ್ತಾನೆ. ನಷ್ಟದ ಭಯ ಅವನಿಗಿಲ್ಲ; ಆದುದರಿಂದಲೇ ಗುಟ್ಟಿನ ಲಾಭದ ಹಕ್ಕೂ ಅವನಿಗಿಲ್ಲ. ಎರಡೂ ಗೌರವದ ವೃತ್ತಿಗಳೇ. ಈಗ ನಮ್ಮ ಏಜೆಂಟನನ್ನು ನೋಡಿ. ನನ್ನನ್ನು 1,900ಕ್ಕೆ ಮಾರುವಾಗ ಅವನು ವ್ಯಾಪಾರಿ. ಬೆಲೆ ಅವನ ಇಷ್ಟ. ನಾನು ನಾಲ್ಕು ತಿಂಗಳು ಬಿಕರಿಯಾಗದೆ ಮನೆಯಲ್ಲಿ ಕುಳಿತಾಗ ಅವನು ದಲ್ಲಾಳಿ. ಕುಳಿತ ದಿನಗಳ ಅನ್ನ ನನ್ನ ಪಾಲಿನದು. ವ್ಯಾಪಾರಿಯ ಲಾಭವೂ ಬೇಕು, ದಲ್ಲಾಳಿಯ ನಿಶ್ಚಿಂತೆಯೂ ಬೇಕು. ಎರಡು ದೋಣಿಯಲ್ಲಿ ಕಾಲಿಟ್ಟವನು ಮುಳುಗುತ್ತಾನೆ ಎನ್ನುತ್ತಾರೆ. ಇಲ್ಲಿ ಕಾಲಿಟ್ಟವನು ಸುಖವಾಗಿ ದಡ ಸೇರುತ್ತಾನೆ; ಮುಳುಗುವವನು ಇನ್ನೊಬ್ಬ. ಕೆಲಸವಿರಲಿ ಇಲ್ಲದಿರಲಿ ತಿಂಗಳ ಸಂಬಳ ಕೊಟ್ಟು ಇಟ್ಟುಕೊಳ್ಳುವ ಸಂಸ್ಥೆಗಳೂ ಉಂಟು. ಅವು ನಿಜವಾದ ವ್ಯಾಪಾರಿಗಳು. ಅವುಗಳ ಲಾಭವನ್ನು ಕುರಿತು ನನ್ನ ತಕರಾರಿಲ್ಲ.

ಈ ವಿವೇಚನೆ ನನ್ನ ಕಲ್ಪನೆಯೇನೂ ಅಲ್ಲ. 1872ರ ಭಾರತೀಯ ಕರಾರು ಕಾಯ್ದೆಯ ಹತ್ತನೆಯ ಅಧ್ಯಾಯವೆಲ್ಲ ಏಜೆಂಟನ ಹಕ್ಕು ಕರ್ತವ್ಯಗಳನ್ನು ಕುರಿತದ್ದು. ಏಜೆಂಟನು ಕೇಳಿದಾಗ ಲೆಕ್ಕ ಒಪ್ಪಿಸಬೇಕೆಂದು 213ನೆಯ ಕಲಮು ಹೇಳುತ್ತದೆ. ಯಾರಿಗಾಗಿ ವ್ಯವಹರಿಸುತ್ತಿದ್ದಾನೋ ಅವನಿಗೆ ತಿಳಿಯದಂತೆ ಏಜೆಂಟನು ಆ ವ್ಯವಹಾರದಲ್ಲಿ ತನ್ನ ಸ್ವಂತಕ್ಕೆ ಲಾಭ ಮಾಡಿಕೊಂಡರೆ, ಆ ಲಾಭವನ್ನು ಕೇಳಿ ಪಡೆಯುವ ಹಕ್ಕನ್ನು 216ನೆಯ ಕಲಮು ಯಜಮಾನನಿಗೆ ಕೊಡುತ್ತದೆ. ಅಲ್ಲಿ ಕೊಟ್ಟಿರುವ ಉದಾಹರಣೆ ಸರಳವಾಗಿದೆ: ಒಬ್ಬನು ತನಗೊಂದು ಮನೆ ಕೊಂಡುಕೊಡೆಂದು ಏಜೆಂಟನಿಗೆ ಹೇಳುತ್ತಾನೆ, ಏಜೆಂಟನು ‘ಆ ಮನೆ ಸಿಕ್ಕುವುದಿಲ್ಲ’ ಎಂದು ಹೇಳಿ ತಾನೇ ಕೊಂಡುಕೊಳ್ಳುತ್ತಾನೆ, ಸಂಗತಿ ಬಯಲಾದರೆ ಅವನು ಕೊಂಡ ಬೆಲೆಗೇ ಅದನ್ನು ಯಜಮಾನನಿಗೆ ಬಿಟ್ಟುಕೊಡಬೇಕಾಗುತ್ತದೆ. ಆದರೆ ನನ್ನ ಏಜೆಂಟನಿಗೆ ಇದು ತಗಲುವುದಿಲ್ಲ. ಅವನ ಕಾಗದಪತ್ರಗಳಲ್ಲಿ ಅವನು ಯಾರ ಏಜೆಂಟನೂ ಅಲ್ಲ. ಕಂಪೆನಿಗೆ ಸೇವೆ ಮಾರುವ ಸ್ವತಂತ್ರ ವರ್ತಕ. ‘ಏಜೆಂಟ್’ ಎಂಬುದು ಬಾಯಿಮಾತಿನ ಹೆಸರು. ನನ್ನನ್ನು ಪ್ರತಿನಿಧಿಸುವ ಅಧಿಕಾರ ನಿಮಗೊಬ್ಬರಿಗೇ ಎಂದು ನನ್ನಿಂದ ಬರೆಸಿಕೊಳ್ಳುವಾಗ ಮಾತ್ರ ಆ ಹೆಸರು ಜೀವ ಪಡೆಯುತ್ತದೆ. ಏಜೆಂಟನ ಹಕ್ಕಿನಿಂದ ನನ್ನನ್ನು ಕಟ್ಟಿಹಾಕಿ, ಏಜೆಂಟನ ಕರ್ತವ್ಯದಿಂದ ತಾನು ಬಿಡಿಸಿಕೊಳ್ಳುತ್ತಾನೆ. ಕಾನೂನಿಗೆ ಇದು ಸರಿಯಿರಬಹುದು. ಕಾನೂನಿಗೆ ಸರಿಯಾದುದೆಲ್ಲ ಧರ್ಮಕ್ಕೆ ಸರಿಯಾಗಬೇಕೆಂದಿಲ್ಲ.

ಇನ್ನೊಂದು ಮಾತು. ಅಡಿಕೆಯ ಹೋಲಿಕೆ ಒಂದು ಮಟ್ಟದವರೆಗೆ ಮಾತ್ರ ಸಲ್ಲುತ್ತದೆ. ಅಡಿಕೆಗೆ ತಾನು ಎಷ್ಟಕ್ಕೆ ಮಾರಾಟವಾದೆನೆಂದು ತಿಳಿಯುವ ಆಸೆಯಿಲ್ಲ, ಮನುಷ್ಯನಿಗುಂಟು. 1944ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸಮ್ಮೇಳನವು, ಮನುಷ್ಯನ ದುಡಿಮೆ ಸರಕಲ್ಲವೆಂಬುದನ್ನು ತನ್ನ ಮೂಲತತ್ತ್ವಗಳಲ್ಲಿ ಮೊದಲನೆಯದಾಗಿ ಸಾರಿತು. ಅದೇ ಸಂಘಟನೆ 1997ರಲ್ಲಿ ಅಂಗೀಕರಿಸಿದ 181ನೆಯ ಒಡಂಬಡಿಕೆ, ಖಾಸಗಿ ಉದ್ಯೋಗ ಏಜೆನ್ಸಿಗಳು ಕೆಲಸಗಾರನಿಂದ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಶುಲ್ಕ ಪಡೆಯಕೂಡದೆಂದು ಹೇಳಿತು. ಆ ‘ಪರೋಕ್ಷ’ ಎಂಬ ಮಾತಿನ ಮುಂದೆ ನಾನು ಬಹಳ ಹೊತ್ತು ನಿಂತಿದ್ದೇನೆ. ನನ್ನ ಕೈಗೆ ಬರುವ ಮೊದಲೇ ಕಳೆದುಹೋದ 900 ರೂಪಾಯಿ ಕಂಪೆನಿ ಕೊಟ್ಟದ್ದೋ, ನಾನು ಕೊಟ್ಟದ್ದೋ? ಲೆಕ್ಕಪತ್ರ ಬರೆಯುವವರು ಕಂಪೆನಿ ಎನ್ನುತ್ತಾರೆ. ರಾತ್ರಿ ಹನ್ನೊಂದರವರೆಗೆ ಕುಳಿತು ಕೈಪಿಡಿ ಬರೆದ ನನ್ನ ಬೆನ್ನು ಬೇರೆ ಉತ್ತರ ಹೇಳುತ್ತದೆ. ನಮ್ಮ ದೇಶದಲ್ಲಿ 1983ರ ವಲಸೆ ಕಾಯ್ದೆ, ಪರದೇಶಕ್ಕೆ ಆಳು ಕಳಿಸುವ ಏಜೆಂಟನು ಸರ್ಕಾರದಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕೆಂದು ವಿಧಿಸಿತು. ಅವನು ಪಡೆಯಬಹುದಾದ ಸೇವಾಶುಲ್ಕಕ್ಕೆ ನಿಯಮಗಳಲ್ಲಿ ಮಿತಿ ಹಾಕಲಾಯಿತು. ಕೊಲ್ಲಿ ದೇಶಕ್ಕೆ ಹೊರಟ ಗಾರೆಯವನು ತನ್ನ ಏಜೆಂಟನನ್ನು ‘ನಿನ್ನ ಶುಲ್ಕ ಎಷ್ಟು?’ ಎಂದು ಕಾನೂನಿನ ಬಲದಿಂದ ಕೇಳಬಲ್ಲ. ವೈಟ್‌ಫೀಲ್ಡಿನ ಇಂಜಿನಿಯರು ಕೇಳಿದರೆ, ‘ಅದು ಗೋಪ್ಯ ಸರ್’ ಎಂಬ ಉತ್ತರ ಬರುತ್ತದೆ.

ಈ ಸ್ಥಿತಿಗೆ ಏಜೆಂಟನೊಬ್ಬನೇ ಹೊಣೆಯೇ? ಚರಿತ್ರೆ ಹಾಗೆ ಹೇಳುವುದಿಲ್ಲ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಹಿಂದೆ ‘ಜಾಬರ್’ ಎಂಬವನಿದ್ದ. ಆಳುಗಳನ್ನು ತರುವವನೂ ಅವನೇ, ತೆಗೆಯುವವನೂ ಅವನೇ. ಕೆಲಸ ಸಿಕ್ಕಬೇಕಾದರೆ ಅವನಿಗೆ ದಸ್ತೂರಿ ಸಲ್ಲಬೇಕು. 1929ರಲ್ಲಿ ನೇಮಕವಾಗಿ 1931ರಲ್ಲಿ ವರದಿ ಕೊಟ್ಟ ವಿಟ್ಲಿಯವರ ಕಾರ್ಮಿಕ ಆಯೋಗ ಈ ಪದ್ಧತಿಯನ್ನು ಖಂಡಿಸಿ, ಆಳುಗಳ ನೇಮಕವನ್ನು ಜಾಬರನ ಕೈಯಿಂದ ತಪ್ಪಿಸಬೇಕೆಂದು ಸಲಹೆ ಮಾಡಿತು. ಘಟ್ಟದ ಕೆಳಗಿನಿಂದ ಮುಂಗಡ ಕೊಟ್ಟು ಆಳುಗಳನ್ನು ಮಲೆನಾಡಿನ ಕಾಫಿ ತೋಟಗಳಿಗೆ ಕರೆತರುತ್ತಿದ್ದ ಮೇಸ್ತ್ರಿಯೂ ಇದೇ ಕುಲದವನು. ಜಾಬರನಿಗಾಗಲಿ ಮೇಸ್ತ್ರಿಗಾಗಲಿ ಅಷ್ಟು ಬಲ ಬಂದುದು ಎಲ್ಲಿಂದ? ದುಡಿಯುವವನ ಹೆಸರು, ಊರು, ಭಾಷೆಗಳನ್ನು ತಿಳಿಯುವ ತೊಂದರೆ ಒಡೆಯನಿಗೆ ಬೇಡವಾಗಿತ್ತು. ಆ ತೊಂದರೆಯನ್ನು ಅವನು ಜಾಬರನಿಗೆ ಮಾರಿದ. ಇಂದಿನ ಕಂಪೆನಿಯೂ ಅದನ್ನೇ ಮಾಡುತ್ತಿದೆ. ನೇರವಾಗಿ ಬರೆದ ಅರ್ಜಿಯನ್ನು ಓದಲು ಅದಕ್ಕೆ ಪುರುಸೊತ್ತಿಲ್ಲ. ಒಳಗೆ ಕುಳಿತು ದುಡಿಯುವವನಿಗೆ ಎಷ್ಟು ಮುಟ್ಟುತ್ತಿದೆಯೆಂದು ಕೇಳುವ ಕುತೂಹಲವಿಲ್ಲ. ನನ್ನ ಮ್ಯಾನೇಜರು ಒಳ್ಳೆಯವರು. ಆದರೆ ಹನ್ನೊಂದು ತಿಂಗಳು ದಿನವೂ ನನ್ನೊಡನೆ ಕಾಫಿ ಕುಡಿದ ಅವರಿಗೆ ಆ ಪ್ರಶ್ನೆ ಒಮ್ಮೆಯೂ ಹೊಳೆಯಲಿಲ್ಲ. ಎರಡು ತುದಿಗಳ ಔದಾಸೀನ್ಯದಿಂದ ನಡುವಿನವನು ಬೆಳೆಯುತ್ತಾನೆ.

ಟವೆಲ್ಲನ್ನು ಎತ್ತುವುದು ಅಸಾಧ್ಯವೆಂದು ಹೇಳುವಂತಿಲ್ಲ. ಬೇರೆ ಸಂತೆಗಳಲ್ಲಿ ನಾವು ಅದನ್ನು ಎತ್ತಿದ್ದೇವೆ. ದಲ್ಲಾಳಿಯ ಹಣಕ್ಕೆ ಕನ್ನಡದಲ್ಲಿ ‘ತರಗು’ ಎಂಬ ಹಳೆಯ ಹೆಸರಿದೆ. ಬೆಂಗಳೂರಿನ ತರಗುಪೇಟೆಯ ಹೆಸರಿನಲ್ಲಿಯೇ ಆ ಮಾತಿದೆ. ಅಂದರೆ ಧಾನ್ಯದ ಪೇಟೆಯಲ್ಲಿ ದಲ್ಲಾಳಿ ಇಂದು ನಿನ್ನೆಯವನಲ್ಲ, ಅವನ ಮೇಲಿನ ದೂರೂ ಇಂದು ನಿನ್ನೆಯದಲ್ಲ. 1928ರಲ್ಲಿ ವರದಿ ಕೊಟ್ಟ ವ್ಯವಸಾಯದ ರಾಯಲ್ ಆಯೋಗ, ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದು ಹೇಳಿತು. ನಮ್ಮ ರಾಜ್ಯದ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ದಲ್ಲಾಳಿಗೆ ಲೈಸೆನ್ಸು, ಸರಕಿಗೆ ಬಹಿರಂಗ ಮಾರಾಟ, ರೈತನಿಗೆ ಲೆಕ್ಕದ ಚೀಟಿ ಎಂಬ ಏರ್ಪಾಡನ್ನು ತಂದಿತು. ಬಿಳಿ ಚೀಟಿಯ ವ್ಯವಹಾರ ನಿಂತಿಲ್ಲವೆಂದು ರೈತರು ದೂರುತ್ತಲೇ ಬಂದಿದ್ದಾರೆ. ಅವರ ದೂರು ನಿಜ. ಆದರೆ ಅದನ್ನು ತಪ್ಪೆಂದು ಕರೆಯುವುದಕ್ಕೆ ಒಂದು ಅಳತೆಗೋಲಾದರೂ ಸಿಕ್ಕಿತು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿ ನೋಡಿ. ಗೂಡಿನ ರಾಶಿಗೆ ಹರಾಜಿನಲ್ಲಿ ಎಷ್ಟು ಬಂತೆಂಬುದು ರೈತನಿಗೆ ತಿಳಿಯುತ್ತದೆ. ಬೆಲೆ ಒಪ್ಪಿಗೆಯಾಗದಿದ್ದರೆ ‘ಬೇಡ’ ಎನ್ನಬಲ್ಲ. ಹುಳು ಕಟ್ಟಿದ ಗೂಡಿಗೆ ಸಂದ ಈ ಮರ್ಯಾದೆ ಮನುಷ್ಯನ ದುಡಿಮೆಗೆ ಸಲ್ಲಬಾರದೇ?

ನಾವೇಕೆ ಕೇಳುವುದಿಲ್ಲ ಎಂಬುದನ್ನೂ ಹೇಳಬೇಕು. ಭಯವೇ ಕಾರಣ. ಸಣ್ಣ ಉದ್ಯಮಗಳಿಗೆಂದು ಮಾಡಿದ 2006ರ ಕಾಯ್ದೆಯೊಂದಿದೆ. ಅದರಲ್ಲಿ ನೋಂದಣಿ ಮಾಡಿಸಿಕೊಂಡ, ನನ್ನಂಥ ಒಂಟಿ ದುಡಿಮೆಗಾರನಿಗೂ 45 ದಿನದೊಳಗೆ ಹಣ ಸಲ್ಲಬೇಕು. ತಡವಾದರೆ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ. ಎಷ್ಟು ಗಂಭೀರವಾದ ಮಾತು! ಆದರೆ ನನ್ನ ಪರಿಚಯದವರಲ್ಲಿ ಆ ಬಡ್ಡಿಯನ್ನು ಕೇಳಿದವರು ಒಬ್ಬರೂ ಇಲ್ಲ. ಕೇಳಿದವನಿಗೆ ಮುಂದಿನ ಸಲ ಫೋನು ಬರುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು. ನಮಗೆ ಸಂಘವಿಲ್ಲ; ನಾವು ಒಬ್ಬರಿಗೊಬ್ಬರು ನಮ್ಮ ದರವನ್ನು ಹೇಳಿಕೊಳ್ಳುವುದೂ ಇಲ್ಲ. ಪಕ್ಕದ ಮೇಜಿನವನು ಎಷ್ಟು ಪಡೆಯುತ್ತಾನೆಂದು ಕೇಳುವುದು ಅಸಭ್ಯವೆಂದು ನಮ್ಮಂಥ ಮಧ್ಯಮವರ್ಗದವರು ಎಂದೋ ತೀರ್ಮಾನಿಸಿಬಿಟ್ಟಿದ್ದೇವೆ. ಈ ಸಭ್ಯತೆಯಿಂದ ಲಾಭ ಪಡೆಯುವವನು ಯಾರೆಂದು ಮಾತ್ರ ಯೋಚಿಸಿಲ್ಲ. ಟವೆಲ್ಲಿನ ಒಂದು ಅಂಚನ್ನು ನಾವೇ ಹಿಡಿದುಕೊಂಡು ನಿಂತಿದ್ದೇವೆ.

ಬೆಲೆ ತಿಳಿದರೆ ದುಡಿಯುವವನಿಗೆ ಅಸಮಾಧಾನ ಹೆಚ್ಚುತ್ತದೆ, ವ್ಯವಹಾರ ಕೆಡುತ್ತದೆ ಎಂಬುದು ನನ್ನ ಗೆಳೆಯನ ಕೊನೆಯ ವಾದ. ನನ್ನ ಅನುಭವ ಇದಕ್ಕೆ ವಿರುದ್ಧವಾಗಿದೆ. ಬಸವನಗುಡಿಯಲ್ಲಿ ಮನೆಯ ಮುಂದಿನ ಕೋಣೆಯನ್ನೇ ಕಚೇರಿ ಮಾಡಿಕೊಂಡ ಮಹಿಳೆಯೊಬ್ಬರು ಒಮ್ಮೆ ನನಗೆ ಕೆಲಸ ಕೊಡಿಸಿದರು. ಮೊದಲ ಭೇಟಿಯಲ್ಲಿಯೇ, ‘ಕಂಪೆನಿ ಗಂಟೆಗೆ 1,600 ಕೊಡುತ್ತದೆ. ಅದರಲ್ಲಿ ನೂರಕ್ಕೆ ಹದಿನೈದು ನನ್ನದು. ನಿಮಗೆ 1,360 ಬರುತ್ತದೆ. ಅವರು ಹಣ ಕೊಡುವುದು ತಡವಾದರೂ ನಿಮಗೆ ಹತ್ತನೆಯ ತಾರೀಖಿಗೆ ನಾನು ಕೊಡುತ್ತೇನೆ. ಒಪ್ಪಿಗೆಯಾದರೆ ಹೇಳಿ’ ಎಂದರು. ಆ 240 ರೂಪಾಯಿಗೆ ನಾನು ಒಂದು ದಿನವೂ ಹೊಟ್ಟೆ ಉರಿದುಕೊಳ್ಳಲಿಲ್ಲ. ಅದು ನನ್ನಿಂದ ಕಿತ್ತುಕೊಂಡದ್ದೆಂದು ಅನ್ನಿಸಲೇ ಇಲ್ಲ. ನಾನು ಕೊಟ್ಟದ್ದೆಂದು ಅನ್ನಿಸಿತು. ಒಂದು ತಿಂಗಳು ಅವರಿಗೆ ಹಣದ ಅಡಚಣೆಯಾಗಿ ಹತ್ತನೆಯ ತಾರೀಖು ತಪ್ಪಿದಾಗ ಅವರೇ ಫೋನು ಮಾಡಿ ಹೇಳಿದರು. ಇಪ್ಪತ್ತರವರೆಗೆ ಕಾಯುವುದು ನನಗೆ ಕಷ್ಟವಾಗಲಿಲ್ಲ. ಕಂಪೆನಿ ದರ ಇಳಿಸಬೇಕೆಂದು ಕೇಳಿದಾಗಲೂ ನಾವಿಬ್ಬರೂ ಕುಳಿತು ಯೋಚಿಸಿದೆವು. ಅವರು ಸ್ವಲ್ಪ ಬಿಟ್ಟರು, ನಾನು ಸ್ವಲ್ಪ ಬಿಟ್ಟೆ, ಕೆಲಸ ಉಳಿಯಿತು.

ಅಂಬಿಗನಿಗೂ ನಮ್ಮ ಗಾದೆಯ ಪೂಜಾರಿಗೂ ಇರುವ ವ್ಯತ್ಯಾಸ ನನಗೆ ಈಗ ತಿಳಿಯುತ್ತದೆ. ಅಂಬಿಗನು ಕಡಿಮೆ ಹಣ ಪಡೆಯುತ್ತಾನೆಂದು ನಾವು ಅವನನ್ನು ಗೌರವಿಸುವುದಿಲ್ಲ. ಅವನ ಹುಟ್ಟು ನಮ್ಮ ಕಣ್ಣಿಗೆ ಕಾಣುತ್ತದೆ, ಅವನ ಕಾಸು ನಮ್ಮ ಲೆಕ್ಕಕ್ಕೆ ಸಿಕ್ಕುತ್ತದೆ, ನೀರಿನಲ್ಲಿರುವಷ್ಟು ಹೊತ್ತು ಅವನೂ ನಮ್ಮೊಡನೆ ಅದೇ ದೋಣಿಯಲ್ಲಿರುತ್ತಾನೆ. ಪೂಜಾರಿ ತಡೆದದ್ದೆಷ್ಟು, ದೇವರು ಕೊಟ್ಟದ್ದೆಷ್ಟು ಎಂಬುದು ಗಾದೆ ಹೇಳಿದವನಿಗೆ ಕೊನೆಯವರೆಗೂ ತಿಳಿಯಲಿಲ್ಲ; ಅದೇ ಅವನ ಸಿಟ್ಟು. ದಲ್ಲಾಳಿಯ ಧರ್ಮವೆಂಬುದು ದೊಡ್ಡ ಶಾಸ್ತ್ರವೇನಲ್ಲ. ತಾನು ಯಾರ ಪರವೆಂದು ಹೇಳಬೇಕು. ತನ್ನ ಪಾಲು ಎಷ್ಟೆಂದು ಹೇಳಬೇಕು. ಇನ್ನೊಬ್ಬನ ಹೆಸರಿನಲ್ಲಿ ಮಾತನಾಡುವ ಮೊದಲು ಅವನನ್ನು ಒಂದು ಮಾತು ಕೇಳಬೇಕು. ಕೆಲಸ ಆಗದಿದ್ದರೆ ‘ಇಲ್ಲ’ ಎಂದು ತಿಳಿಸಬೇಕು. ಇಷ್ಟನ್ನು ಮಾಡಿದವನು ನೂರಕ್ಕೆ ಹದಿನೈದು ಪಡೆಯಲಿ, ಇಪ್ಪತ್ತು ಪಡೆಯಲಿ. ಒಪ್ಪುವುದೂ ಬಿಡುವುದೂ ನಮಗೆ ಸೇರಿದ್ದು. ದುಡಿದವನು ತನ್ನ ದುಡಿಮೆಗೆ ಎಷ್ಟು ಬೆಲೆ ಬಂತೆಂದು ಕೇಳುವುದು ದುರಾಸೆಯಲ್ಲ. ಹಾಗೆ ಕೇಳುವುದಕ್ಕೆ ಬಾಯಿರುವುದರಿಂದಲೇ ಅವನು ಜಾತ್ರೆಯ ಎತ್ತಿಗಿಂತ ಬೇರೆಯಾಗಿದ್ದಾನೆ.